ನಿದ್ದೆಯಲ್ಲೂ ನೂರ ಎರಡು

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕುಕ್ಕರಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ, ಎದುರಿಗಲ್ಲ. ಎದುರಿಗೆ ಅನ್ನುವ ಧೈರ್ಯ ಯಾರಪ್ಪನಿಗಿತ್ತು! ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆಸ್ಪತ್ರೆ, ಹೋಟೆಲುಗಳ ಚಾದರಗಳು ಬಿಸಿ ಉರುಳೆಯಿಂದ ಇಸ್ತ್ರಿಯಾಗಿ ಹೊರಬೀಳುವ ಕಡೆ, ಮಡಿಸುವ ಮೇಜಿನ ಮುಂದೆ, ಹದಿನೇಳು ವರ್ಷದಿಂದ ಅವಳದೇ ದರ್ಬಾರು.

ದೊಡ್ಡ ಚಾದರವನ್ನು ಒಬ್ಬರೇ ಮಡಿಸಲು ಬರುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಜಗ್ಗಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು, ಒಬ್ಬಳ ಕೈಯ ಮೂಲೆಗಳು ಇನ್ನೊಬ್ಬಳ ಕೈಗೆ ದಾಟಬೇಕು. ಆ ಇನ್ನೊಬ್ಬಳು ಯಾರೆಂದರೆ ಅವಳ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ದಿನಕ್ಕೆ ನಾನೂರು ಸಲ ಕೈಗೆ ಕೈ ತಾಗುತ್ತಿತ್ತು, ಒಂದು ಸಲವೂ ಮುಖ ನೋಡುತ್ತಿರಲಿಲ್ಲ. ಹೇಳಲೇಬೇಕಾದ್ದೇನಾದರೂ ಇದ್ದರೆ ಮೇಜಿಗೆ ಹೇಳುತ್ತಿದ್ದರು. “ಕೆಲವರಿಗೆ ಅಂಚು ನೆಟ್ಟಗೆ ಹಿಡಿಯೋಕೂ ಬರಲ್ಲ,” ಎಂದು ಇವಳು ಮೇಜಿಗೆ ಅಂದರೆ, “ಕೆಲವರಿಗೆ ಬಾಯಿ ಮುಚ್ಚೋಕೇ ಬರಲ್ಲ,” ಎಂದು ಅವಳೂ ಮೇಜಿಗೇ ಅನ್ನುತ್ತಿದ್ದಳು. ಪಾಪ, ಮೇಜು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಜಗಳ ಶುರುವಾದದ್ದು ಅತ್ತೆ ಹಾಸಿಗೆ ಹಿಡಿದಾಗ. ಆಗಲೇ ಕುಕ್ಕರಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಒಂದು ಬೆಳಿಗ್ಗೆ ತಲೆ ಸುತ್ತಿ, ಅತ್ತೆಯ ಮೈ ಒರೆಸುವ ಸರದಿ ತಪ್ಪಿತು. ಮಧ್ಯಾಹ್ನ ನೋಡಲು ಬಂದಿದ್ದ ಹತ್ತು ಜನ ನೆಂಟರ ಮುಂದೆ ಓರಗಿತ್ತಿ ಅಂದೇಬಿಟ್ಟಳು: “ಅಕ್ಕನ ಸಕ್ಕರೆ ಕಾಯಿಲೆ ಬರೀ ನೆಪ. ಕೆಲಸ ಅಂದ್ರೆ ಏರುತ್ತೆ, ಊಟ ಅಂದ್ರೆ ಇಳಿಯುತ್ತೆ.” ನೆಂಟರೆಲ್ಲ ಗೊಳ್ಳೆಂದು ನಕ್ಕರು. ಆ ನಗು ಇವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಈ ಸಲ ವರ್ಷದ ತಪಾಸಣೆಗೆ ಬಂದ ನರ್ಸು ಅವಳನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿ ನಾಡಿ ನೋಡಿದಳು. ನಿಮಿಷಕ್ಕೆ ನೂರ ಆರು. ಮತ್ತೆ ನೋಡಿದಳು. ನೂರ ಐದು.

“ಸುಮ್ನೆ ಕೂತಾಗ ಇಷ್ಟಿರಬಾರದಮ್ಮ. ಹದಿನಾಲ್ಕು ವರ್ಷದ ಶುಗರ್ ನಿಮ್ದು. ಹೃದಯದ ನರಗಳಿಗೆ ಪೆಟ್ಟು ಬಿದ್ದಿರಬಹುದು. ಹಾಗಿದ್ರೆ ಎದೆಗೆ ಏನಾದ್ರೂ ಆದಾಗ ನೋವು ಕೂಡ ಗೊತ್ತಾಗದೇ ಇರಬಹುದು. ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೂ ಆ ಬಿಸಿ ಉರುಳೆ ಹತ್ರ ನಿಲ್ಲಬೇಡಿ.”

“ನರಾನೂ ಇಲ್ಲ, ಗಿರಾನೂ ಇಲ್ಲ! ದಿನವಿಡೀ ಅವಳ ಮುಖ ಎದುರಿಗಿದ್ರೆ ಯಾರ ಎದೆ ಹೊಡ್ಕೊಳ್ಳಲ್ಲ ಹೇಳಿ? ಮೊದ್ಲು ಅವಳನ್ನ ಅಲ್ಲಿಂದ ಎಬ್ಬಿಸಿ, ಆಮೇಲೆ ಎಣಿಸಿ.”

“ಬಡಿತ ಸಿಟ್ಟಿನದ್ದಾದ್ರೆ ನಿದ್ದೆ ಬಂದಾಗ ಚೆನ್ನಾಗಿ ಇಳಿಯುತ್ತೆ. ನರದ್ದಾದ್ರೆ ನಿದ್ದೆಯಲ್ಲೂ ಇಳಿಯೋದು ಕಷ್ಟ,” ಎಂದು ನರ್ಸು ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ಮಾಲೀಕನಿಗೆ ಇವರಿಬ್ಬರ ಹಾವು ಮುಂಗುಸಿ ಆಟ ನೋಡಿ ನೋಡಿ ಸಾಕಾಗಿತ್ತು. ಅವನೊಂದು ತೀರ್ಪು ಕೊಟ್ಟ. ಹದಿನೈದು ದಿನ ಓರಗಿತ್ತಿ ಹಿಂದಿನ ನೆನೆಹಾಕುವ ಶೆಡ್ಡಿಗೆ ಹೋಗಬೇಕು. ಗುಮಾಸ್ತ ದಿನಾ ಬೆರಳಿಗೆ ಯಂತ್ರ ಸಿಕ್ಕಿಸಿ ಕುಕ್ಕರಮ್ಮನ ಬಡಿತ ಬರೆದಿಡಬೇಕು. ತೊಂಬತ್ತಕ್ಕಿಂತ ಕೆಳಗೆ ಬಂದರೆ ಮೇಜು ಅವಳದೇ, ಓರಗಿತ್ತಿಗೆ ಶೆಡ್ಡೇ ಖಾಯಂ. ಬರದಿದ್ದರೆ ಓರಗಿತ್ತಿ ವಾಪಸ್ಸು, ಕುಕ್ಕರಮ್ಮ ಕಿಟಕಿ ಪಕ್ಕ ಕೂತು ಚಾದರಕ್ಕೆ ನಂಬರಿನ ಚೀಟಿ ಹೊಲಿಯಬೇಕು.

ಶೆಡ್ಡಿನಲ್ಲಿ ಆಸ್ಪತ್ರೆಯ ರಕ್ತದ ಕಲೆ, ಕೀವಿನ ಕಲೆ. ಕೈ ಸುಲಿಯುವ ಸೋಡಾ ನೀರು. ಕುಕ್ಕರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಕೊಳೆಯಲಿ ಅಲ್ಲೇ!

ಮೊದಲ ದಿನ ನೂರ ನಾಲ್ಕು. “ಈಗ ತಾನೇ ಮೆಟ್ಟಿಲು ಹತ್ತಿ ಬಂದೆ,” ಅಂದಳು. ಮೂರನೆಯ ದಿನ ನೂರ ಆರು. “ಅವಳು ಕೆಮ್ಮಿದ್ದು ಗೋಡೆ ದಾಟಿ ಕೇಳಿಸ್ತು.” ಏಳನೆಯ ದಿನ ನೂರ ಮೂರು. ಅವತ್ತು ಗುಮಾಸ್ತನ ಮುಖವೇ ಸರಿಯಿರಲಿಲ್ಲವಂತೆ. ಗುಮಾಸ್ತ ಅದನ್ನೂ ಬರೆದುಕೊಂಡ.

ಹನ್ನೆರಡನೆಯ ದಿನ ಊಟ ಮುಗಿಸಿ, ಗುಮಾಸ್ತನಿಗೆ ಕಾಯುತ್ತ ಕುರ್ಚಿಯಲ್ಲೇ ಒರಗಿದವಳಿಗೆ ಗಾಢ ನಿದ್ದೆ ಹತ್ತಿತು. ಎಚ್ಚರವಾದಾಗ ಬೆರಳಲ್ಲಿ ಯಂತ್ರ, ಎದುರಿಗೆ ಗುಮಾಸ್ತ.

“ಗೊರಕೆ ಹೊಡೀತಿದ್ರಿ. ಕಾಲು ಗಂಟೆ ನೋಡ್ತಾನೇ ಇದ್ದೆ,” ಅಂದ. “ನೂರ ಎರಡರಿಂದ ಕೆಳಗೆ ಬರ್ಲೇ ಇಲ್ಲ. ನಿದ್ದೇಲೂ ಅವರ ಮೇಲೆ ಸಿಟ್ಟಾ ಅಮ್ಮಾ?”

ಅವಳಿಗೆ ಕನಸೂ ಬಿದ್ದಿರಲಿಲ್ಲ. ಓರಗಿತ್ತಿಯ ನೆನಪೂ ಇರಲಿಲ್ಲ. ನರ್ಸು ಹೋಗುವಾಗ ಅಂದ ಮಾತು ಮಾತ್ರ ಈಗ ನೆನಪಾಯಿತು: ನರದ್ದಾದ್ರೆ ನಿದ್ದೆಯಲ್ಲೂ ಇಳಿಯೋದು ಕಷ್ಟ.

ಅವಳ ಮುಖ ನೋಡಿ ಗುಮಾಸ್ತನಿಗೆ ಅಯ್ಯೋ ಅನಿಸಿತೋ, ಇನ್ನು ಮೂರು ದಿನ ಬೈಸಿಕೊಳ್ಳುವುದು ಬೇಡವೆನಿಸಿತೋ, ದನಿ ತಗ್ಗಿಸಿದ. “ಎಂಬತ್ತೆಂಟು ಅಂತ ಬರೆದುಬಿಡ್ಲಾ? ನಿಮ್ಮ ಜಾಗ ನಿಮಗೇ ಉಳಿಯುತ್ತೆ.”

“ಬರಿ,” ಅಂದಳು.

ಗೆದ್ದ ಮೇಲೆ ಸೋತವಳ ಮುಖ ನೋಡದಿದ್ದರೆ ಅದೆಂಥ ಗೆಲುವು? ನೆಟ್ಟಗೆ ಶೆಡ್ಡಿಗೆ ನಡೆದಳು. ಓರಗಿತ್ತಿ ತೊಟ್ಟಿಯ ಮೇಲೆ ಬಗ್ಗಿದ್ದಳು. ಬೆರಳುಗಳ ಚರ್ಮ ಎದ್ದು ಕೆಂಪಗಾಗಿತ್ತು.

“ಹೇಗಿದೆಯೇ ಹೊಸ ಜಾಗ?” ಆರು ವರ್ಷದಲ್ಲಿ ಆಡಿದ ಮೊದಲ ಮಾತು. “ಇನ್ನು ಇದೇ ಖಾಯಂ ನಿಂಗೆ. ಎಂಬತ್ತೆಂಟಕ್ಕೆ ಇಳಿದಿದೆ.”

ಓರಗಿತ್ತಿ ತಲೆ ಎತ್ತಿದಳು. “ಸುಳ್ಳು.”

“ಏನಂದೆ?”

“ಸುಳ್ಳು ಅಂದೆ. ಮೂಲೆ ತಗೊಳ್ಳುವಾಗ ನನ್ನ ಬೆರಳು ನಿನ್ನ ಮಣಿಕಟ್ಟಿನ ಮೇಲೇ ಬೀಳುತ್ತೆ. ಮೂರು ವರ್ಷದಿಂದ ಗೊತ್ತು ನಂಗೆ. ಮೊದಮೊದಲು ನನ್ನ ಮೇಲಿನ ಸಿಟ್ಟು ಅಂದ್ಕೊಂಡೆ. ಆದ್ರೆ ನೀನು ಖುಷಿಯಾಗಿ ಹಾಡು ಗುನುಗ್ತಿದ್ದ ದಿನಾನೂ ನಾಡಿ ಹಾಗೇ ಓಡ್ತಿತ್ತು.”

“ಮೂರು ವರ್ಷ! ನಿನ್ನ ಬಾಯಿಗೇನು ಬೀಗ ಹಾಕಿತ್ತಾ?”

“ಹೇಳಿದ್ರೆ ನಿನ್ನ ಕಾಯಿಲೆ ನಿಜ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತಲ್ಲ,” ಓರಗಿತ್ತಿ ಕಣ್ಣು ತಗ್ಗಿಸಲಿಲ್ಲ. “ಹತ್ತು ಜನರ ಮುಂದೆ ನೆಪ ಅಂದವಳು ನಾನು.”

ಕುಕ್ಕರಮ್ಮ ಕೆನ್ನೆಗೆ ಬಿಡಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಶೆಡ್ಡು ಗಿರ್ರನೆ ತಿರುಗಿತು. ಒದ್ದೆ ಕೈಯೊಂದು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಬಿಡೇ ಕೈ!”

“ಬಿಟ್ರೆ ಬೀಳ್ತೀಯ. ಕೂತ್ಕೋ.”

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದಳು. ಭಯವಾಯಿತು. ಇಷ್ಟು ದಿನ ಸಿಟ್ಟಿನ ಹಿಂದೆ ಅಡಗಿಸಿಟ್ಟಿದ್ದ ಭಯ. ತನ್ನ ಮಾತು ಉಳಿಸಿಕೊಳ್ಳಲು ಈ ಪಾಪಿ ಮೂರು ವರ್ಷ ಸುಮ್ಮನಿದ್ದಳು. ಸರಿ, ಮತ್ತೆ ತಾನು ಮಾಡಿದ್ದೇನು? ಇವಳನ್ನು ಈ ನೀರಲ್ಲಿ ಕೊಳೆಸಲು ಹನ್ನೆರಡು ದಿನ ಡಾಕ್ಟರ ಬಾಗಿಲು ತುಳಿಯಲಿಲ್ಲ, ಈಗ ತನ್ನ ಎದೆಯ ಲೆಕ್ಕವನ್ನೇ ಸುಳ್ಳು ಬರೆಸಿ ಬಂದಿದ್ದಳು.

ಉಸಿರು ಹದಕ್ಕೆ ಬಂದ ಮೇಲೆ ಅಂದಳು: “ಮೇಜಿನ ಹತ್ರ ಈಗ ಎಲ್ಲರೂ ಇದ್ದಾರೆ. ಹತ್ತು ಜನಕ್ಕಿಂತ ಜಾಸ್ತಿ. ಹೋಗಿ ಹೇಳು.”

“ಏನಂತ?”

“ಅಕ್ಕನ ಕಾಯಿಲೆ ನೆಪ ಅಲ್ಲ ಅಂತ. ಎಂಬತ್ತೆಂಟು ಸುಳ್ಳು, ನಿದ್ದೇಲೂ ನೂರ ಎರಡು ಅಂತ. ಗುಮಾಸ್ತ ಅಲ್ಲ, ನೀನೇ ಹೇಳ್ಬೇಕು. ನಿನ್ನ ಬಾಯಿಂದಾನೇ.”

“ಹೇಳಿದ್ರೆ ನಿನ್ನ ಜಾಗ ಹೋಗುತ್ತೆ.”

“ಹೋಗ್ಲಿ. ನಿನ್ನ ಮಾತೂ ಹೋಗುತ್ತಲ್ಲ!”

ಓರಗಿತ್ತಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಗೋಡೆಯಾಚೆ ಉರುಳೆಯ ಸದ್ದು ನಿಂತಿತು. “ಎಲ್ಲರೂ ಸ್ವಲ್ಪ ಕೇಳಿ,” ಎಂಬ ಓರಗಿತ್ತಿಯ ದನಿ ಬಂತು. ಒಂದು ಮಾತನ್ನೂ ನುಂಗದೆ ಹೇಳಿತು: ಅಕ್ಕನ ಕಾಯಿಲೆ ನಿಜ, ನಾನು ಅಂದದ್ದು ಸುಳ್ಳು, ನಂಗೆ ಮೂರು ವರ್ಷದಿಂದ ಗೊತ್ತಿತ್ತು, ಎಂಬತ್ತೆಂಟೂ ಸುಳ್ಳು, ನಿದ್ದೇಲೂ ನೂರ ಎರಡು. ಈ ಸಲ ಯಾರೂ ನಗಲಿಲ್ಲ.

ಆರು ವರ್ಷದಿಂದ ಕಾದಿದ್ದ ಮಾತು. ಅದನ್ನು ಪೂರ್ತಿ ಕೇಳಿಸಿಕೊಂಡು ಕುಕ್ಕರಮ್ಮ ತನ್ನ ಬೆರಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟು, ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು. ಒಂದು ಬಡಿತವೂ ಇಳಿದಿರಲಿಲ್ಲ.