ಎದ್ದು ನಿಂತವರ ಎಣಿಕೆ

ನಮ್ಮ ನೌಕರರ ಸಂಘದ ಸಭೆ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಅಗ್ನಿಶಾಮಕ ಠಾಣೆಯಲ್ಲಿ ಮೂರು ಪಾಳಿ. ಒಂದು ಪಾಳಿ ಕೆಲಸದಲ್ಲಿದ್ದರೆ ಇನ್ನೊಂದು ಮನೆಯಲ್ಲಿ ಮಲಗಿರುತ್ತದೆ, ಮತ್ತೊಂದು ಮಕ್ಕಳನ್ನೋ ವಯಸ್ಸಾದ ತಾಯಿಯನ್ನೋ ಎಲ್ಲಿಗೋ ಕರೆದುಕೊಂಡು ಹೋಗಿರುತ್ತದೆ. ಮೂರನ್ನೂ ಒಂದೇ ಕಡೆ ಸೇರಿಸುವುದು ಆಗದ ಮಾತು. ಹಾಗಾಗಿ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ವಾಹನಗಳ ಶೆಡ್ಡಿನಲ್ಲಿ ನೀರಿನ ಲಾರಿಯ ಪಕ್ಕ ನಿಂತುಕೊಂಡೇ ಸಭೆ. ಹೋಗುವವರಿಗೆ ನಿದ್ದೆ, ಬರುವವರಿಗೆ ಅವಸರ. ನಾನು ಎರಡು ಮಾತು ಆಡುವಷ್ಟರಲ್ಲಿ ಗೋಡೆಯ ಸ್ಪೀಕರಿನಲ್ಲಿ ಕರೆಗಂಟೆ ಹೊಡೆಯುತ್ತದೆ. ಅರ್ಧ ಜನ ಬೂಟಿಗೆ ಕಾಲು ತೂರಿಸಿಕೊಂಡು ಮಾಯ. ಉಳಿದವರು ಆಕಳಿಸುತ್ತಾ, "ನೀನೇನ್ ಹೇಳ್ತೀಯೋ ಹಾಗೇ ಆಗ್ಲಿ ಬಿಡು" ಎಂದು ಮನೆಯ ದಾರಿ ಹಿಡಿಯುತ್ತಾರೆ. ಇದಕ್ಕೆ ನಾವು ಒಮ್ಮತದ ತೀರ್ಮಾನ ಎನ್ನುತ್ತೇವೆ.

ನಾನು ಮಿಗ್ಯೊಂಗ್, ಆಂಬುಲೆನ್ಸಿನವಳು. ಶಾಖೆಯ ಅಧ್ಯಕ್ಷೆಯಾಗಿದ್ದೂ ಇಂಥದ್ದೇ ಒಂದು ಬೆಳಿಗ್ಗೆ. ಯಾರು ನಿಲ್ಲುತ್ತೀರಿ ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನೊಬ್ಬಳು ತಲೆ ಎತ್ತಿಕೊಂಡಿದ್ದೆ, ಸಿಕ್ಕಿಬಿದ್ದೆ. ಠಾಣೆಗೊಂದು ಶಾಖೆ, ಶಾಖೆಗಳು ಸೇರಿ ಪ್ರಾಂತ್ಯದ ಸಮಿತಿ, ಅದರ ಮೇಲೆ ರಾಜಧಾನಿ ಸಿಯೋಲ್‌ನಲ್ಲಿ ಕೇಂದ್ರ ಕಚೇರಿ, ಎಲ್ಲಕ್ಕೂ ಮೇಲೆ ವರ್ಷಕ್ಕೊಮ್ಮೆ ಡೇಜೊನ್ ನಗರದಲ್ಲಿ ಸೇರುವ ಪ್ರತಿನಿಧಿಗಳ ಮಹಾಸಭೆ. ಹೇಳಿಕೊಳ್ಳಲು ದೊಡ್ಡದಾಗಿದೆ. ಆದರೆ ನಾವು ಮುಷ್ಕರ ಹೂಡುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಬಿಟ್ಟರೂ ನಮ್ಮ ಕೈಲಿ ಆಗುತ್ತದೆಯೇ? ಎಲ್ಲೋ ಹೊಗೆ ಎದ್ದಿದೆ ಎಂದರೆ ಘೋಷಣೆ ಕೂಗುತ್ತಿದ್ದವನೇ ಮೊದಲು ಓಡುತ್ತಾನೆ.

ನನಗಿಂತ ಮೊದಲು ಅಧ್ಯಕ್ಷರಾಗಿದ್ದವರು ತಾಕ್ ಬೊಂಗ್‌ಸು ಅಣ್ಣ. ನಮ್ಮ ಕರಾವಳಿಯ ಠಾಣೆಗಳಲ್ಲಿ ಸಂಘ ಅಂತ ಒಂದು ಇದ್ದರೆ ಅದು ಅವರಿಂದ. ರಜೆಯ ದಿನವೆಲ್ಲ ಹಳೆಯ ಕಾರಿನಲ್ಲಿ ಠಾಣೆಯಿಂದ ಠಾಣೆಗೆ ಸುತ್ತಿ, ಒಬ್ಬೊಬ್ಬರನ್ನೇ ಬೈದು, ಬಿಸಿ ನೂಡಲ್ಸ್ ತಿನ್ನಿಸಿ ಸದಸ್ಯರನ್ನಾಗಿ ಮಾಡಿದವರು. ಸಂಘ ಹುಟ್ಟಿದ ಮೊದಲ ಮಹಾಸಭೆಯಲ್ಲಿ ವೇದಿಕೆಗೆ ಹತ್ತಿ ಅವರು ವಾದಿಸಿದ್ದು ಒಂದೇ ವಿಷಯ. ತಂಡದ ಮುಖ್ಯಸ್ಥನಾಗಿ ಬಡ್ತಿ ಪಡೆದವನು ಅದೇ ದಿನ ಸಂಘದಿಂದ ಹೊರಗೆ ಹೋಗಬೇಕು, ಅವನಿಗೆ ಸಂಘದ ಯಾವ ನೆರವೂ ಇರಕೂಡದು. ಕಾನೂನೇ ಅವನನ್ನು ಹೊರಗಿಡುತ್ತದೆ, ನೆರವನ್ನಾದರೂ ಉಳಿಸೋಣ ಎಂದು ಕೆಲವರು ಅಂದರು. ಇವರು ಕೇಳಲಿಲ್ಲ. "ಸಾಹೇಬನಾದವನಿಗೆ ಬಾಗಿಲು ಹಾಕ್ಬೇಕು. ನಾಳೆ ನಾನೇ ಆದ್ರೂ ಸರಿ!" ಎಂದು ಮುಷ್ಟಿ ಎತ್ತಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದ್ದೆ.

ಆಮೇಲೆ ಹಿರಿತನದ ಸರದಿ ಬಂದು ಅವರೇ ತಂಡದ ಮುಖ್ಯಸ್ಥರಾದರು. ಸಂಘದ ಕೆಂಪು ಜಾಕೀಟನ್ನು ಒಗೆದು ಮಡಚಿ ನನ್ನ ಕೈಗೆ ಕೊಟ್ಟರು. ವರ್ಷ ತುಂಬುವ ಮೊದಲೇ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂವತ್ತು ವರ್ಷ ಹೊಗೆ ಕುಡಿದ ದೇಹ. ಕೆಲಸದಿಂದಲೇ ಬಂದ ಕಾಯಿಲೆ ಎಂದು ಸರ್ಕಾರ ಒಪ್ಪಬೇಕಿತ್ತು, ಒಪ್ಪಲಿಲ್ಲ. ಕೋರ್ಟಿಗೆ ಹೋಗಬೇಕಾದರೆ ಇಂಥ ಮೊಕದ್ದಮೆ ನಡೆಸಿ ಗೊತ್ತಿರುವ ವಕೀಲರು ಬೇಕು, ಹೊಗೆಗೂ ರಕ್ತಕ್ಕೂ ಇರುವ ನಂಟನ್ನು ಹೇಳುವ ವೈದ್ಯರು ಬೇಕು. ಅವರಿಬ್ಬರೂ ಇರುವುದು ಸಂಘದ ಹತ್ತಿರ. ಆ ಬಾಗಿಲನ್ನು ಅಣ್ಣನೇ ಹಾಕಿ ಚಿಲಕ ಜಡಿದಿದ್ದರು.

ಅದನ್ನು ತೆಗೆಸುವ ತಿದ್ದುಪಡಿಯನ್ನು ಈ ವರ್ಷ ನಾನು ಮಹಾಸಭೆಗೆ ಒಯ್ದೆ. ಸದಸ್ಯನಾಗಿದ್ದಾಗ ಹಚ್ಚಿಕೊಂಡ ಕಾಯಿಲೆಗೆ, ಬಡ್ತಿಯಾದ ಮೇಲೂ ಸಂಘ ಜೊತೆ ನಿಲ್ಲಬೇಕು ಎನ್ನುವುದಷ್ಟೇ ಬೇಡಿಕೆ. ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ಬಿದ್ದುಹೋದರೆ ಮುಂದಿನ ವರ್ಷದವರೆಗೆ ಮತ್ತೆ ತರುವ ಹಾಗಿಲ್ಲ. ಅಣ್ಣನ ವೈದ್ಯರು ಮುಂದಿನ ವರ್ಷದ ಮಾತು ಬಂದರೆ ಕಿಟಕಿಯ ಕಡೆ ನೋಡುತ್ತಾರೆ.

ಮಹಾಸಭೆಯ ದಿನ ಬೇಡವೆಂದರೂ ಅಣ್ಣ ನನ್ನ ಕಾರು ಹತ್ತಿದರು. ಉಣ್ಣೆಯ ಟೋಪಿ, ಮುಖಕ್ಕೆ ಮಾಸ್ಕು. ಅತ್ತಿಗೆ ಮಾತ್ರೆಯ ಡಬ್ಬಿಯನ್ನೂ ಬಾರ್ಲಿ ಚಹಾದ ಫ್ಲಾಸ್ಕನ್ನೂ ನನ್ನ ಕೈಗೆ ಕೊಟ್ಟರು, ಗಂಡನನ್ನು ನಂಬದೆ.

"ಮನೇಲಿರಿ ಅಂದ್ರೆ ಕೇಳಲ್ವಲ್ಲ ಅಣ್ಣಾ ನೀವು" ಎಂದೆ.

"ನನ್ನ ಹೆಣದ ಬಗ್ಗೆ ಚರ್ಚೆ ನಡೆಯೋವಾಗ ನಾನಿರ್ಬಾರ್ದಾ?"

"ಬಿಡ್ತು ಅನ್ನಿ. ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು."

"ಒಳಗೆ ಬಾಯಿ ಬಿಡಲ್ಲ ಕಣೇ. ಹಿಂದೆ ವೀಕ್ಷಕರ ಕುರ್ಚೀಲಿ ತೆಪ್ಪಗೆ ಕೂತಿರ್ತೀನಿ. ಸಾಹೇಬನಾದವನಿಗೆ ಅಷ್ಟಾದ್ರೂ ಬಿಡ್ತಾರೋ, ಅದೂ ಇಲ್ವೋ?"

"ಅದಕ್ಕೂ ನೀವೇ ನಿಯಮ ಮಾಡ್ಲಿಲ್ವಲ್ಲ, ನಮ್ಮ ಪುಣ್ಯ."

ನಕ್ಕರು, ನಗು ಕೆಮ್ಮಾಯಿತು. ಆಮೇಲೆ ಡೇಜೊನ್ ಬರುವವರೆಗೂ ನಿದ್ದೆ ಮಾಡಿದರು.

ಸಭಾಂಗಣದಲ್ಲಿ ಕೆಂಪು ಜಾಕೀಟುಗಳು ತುಂಬಿದ್ದವು. ಅರ್ಧ ಜನ ಪಾಳಿ ಮುಗಿಸಿ ನೇರ ಬಂದವರು. ಬಾಯಿ ತೆರೆದುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ರಾಷ್ಟ್ರೀಯ ಅಧ್ಯಕ್ಷ ಮಾ ಜೊಂಗ್‌ಹೋ ಮೈಕು ಹಿಡಿದು ಮೊದಲು ಹೇಳಿದ್ದು ಪ್ರತಿ ವರ್ಷ ಹೇಳುವ ಮಾತೇ: "ಫೋನಿನ ಸದ್ದು ತೆಗೀರಪ್ಪಾ. ಠಾಣೆಯ ಕರೆಗಂಟೆ ಇಟ್ಕೊಂಡಿರೋರು ಮೊದಲು ತೆಗೀರಿ. ನಿಮಗೆ ಕೈ ಮುಗೀತೀನಿ." ಎಲ್ಲರೂ ನಗುತ್ತಾ ತೆಗೆದರು. ಅಣ್ಣ ಆಗ ಒಳಗಿರಲಿಲ್ಲ. ಪ್ರಯಾಣದಲ್ಲಿ ಸುಸ್ತಾಗಿ ಕಾರಿನಲ್ಲೇ ಮಲಗಿದ್ದರು.

ಕೈಗವಸಿನ ಗುಣಮಟ್ಟದ ಬಗ್ಗೆ ಒಂದು ನಿರ್ಣಯ, ರಾತ್ರಿ ಪಾಳಿಯ ಊಟದ ಬಗ್ಗೆ ಒಂದು, ಪ್ರಾಂತ್ಯ ಸಮಿತಿಗಳ ಹಣದ ಹಂಚಿಕೆಯ ಬಗ್ಗೆ ಮುಗಿಯದ ಒಂದು ಜಗಳ. ಮಧ್ಯಾಹ್ನ ತಣ್ಣಗಿನ ಕಿಂಬಾಪ್ ಅನ್ನದ ಸುರುಳಿ ತಿಂದು ಕೈ ಒರೆಸಿಕೊಂಡ ಮೇಲೆ ನನ್ನ ಸರದಿ. ಅಷ್ಟೊತ್ತಿಗೆ ಅಣ್ಣ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ನಾನು ಹೇಳಬೇಕೆಂದುಕೊಂಡಿದ್ದರಲ್ಲಿ ಅರ್ಧ ಮರೆತೆ. ಉಳಿದರ್ಧ ಹೇಳಿದೆ.

ಎದುರು ಮಾತಾಡಿದವನು ಬಂದರು ಪಟ್ಟಣದ ಶಾಖೆಯ ಪ್ಯೋ ಯೊಂಗ್‌ದೋ. ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಕ್ಕ ಹೇಳಿದ್ದು ನಿಜ, ನನಗೂ ಸಂಕಟ ಆಗುತ್ತೆ," ಎಂದ. "ಆದ್ರೆ ಕೇಂದ್ರ ಕಚೇರೀಲಿರೋ ವಕೀಲರು ಎಷ್ಟು ಜನ, ನಿಮಗೇ ಗೊತ್ತು. ನನ್ನ ಶಾಖೇಲಿ ಶ್ವಾಸಕೋಶ ಹೋದೋರು ಸರದಿ ಕಾಯ್ತಾ ಇದ್ದಾರೆ, ಇವತ್ತಿಗೂ ಸದಸ್ಯರು ಅವರು. ಅವರನ್ನ ಹಿಂದೆ ತಳ್ಳಿ ಸಾಹೇಬ್ರುಗಳನ್ನ ಮುಂದೆ ನಿಲ್ಲಿಸಿ ಅಂತ ನಾನು ಹೋಗಿ ಹೇಳ್ಲಾ? ನನ್ನನ್ನ ಶೆಡ್ಡಲ್ಲಿ ಮಂಡಿಯೂರಿಸಿದವನೂ ಒಬ್ಬ ತಂಡದ ಮುಖ್ಯಸ್ಥನೇ. ನಾಳೆ ಅವನೂ ಬರ್ತಾನೆ."

ಹಿಂದಿನ ಸಾಲಿನಲ್ಲಿ ಅಣ್ಣ ನಿಧಾನಕ್ಕೆ ತಲೆಯಾಡಿಸುತ್ತಿದ್ದರು, ಅವನ ಮಾತು ಸರಿ ಎನ್ನುವಂತೆ. ಅವರ ಮೇಲೆ ನನಗೆ ಸಿಟ್ಟೇ ಬಂತು.

ನಮ್ಮಲ್ಲಿ ತಿದ್ದುಪಡಿಗೆ ಕೈ ಎತ್ತುವುದಿಲ್ಲ, ಎದ್ದು ನಿಲ್ಲುತ್ತೇವೆ. ಒಪ್ಪಿದವರು ನಿಲ್ಲಬೇಕು, ಎಣಿಸುವವರು ಸಾಲುಗಳ ಮಧ್ಯೆ ನಡೆದು ಎಣಿಸಬೇಕು. ಮಾ ಜೊಂಗ್‌ಹೋ "ಒಪ್ಪಿದವರು ಏಳಿ" ಎಂದರು. ಕುರ್ಚಿಗಳು ಕಿರುಗುಟ್ಟಿದವು. ನಮ್ಮ ಪ್ರಾಂತ್ಯದವರು ಎದ್ದರು. ದಕ್ಷಿಣದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಎಣಿಸುವವರು ಬೆರಳು ಮಡಚುತ್ತಾ ಎಡಗಡೆಯ ಸಾಲುಗಳನ್ನು ದಾಟುತ್ತಿದ್ದರು. ಆಗಬಹುದು, ಆಗಿಬಿಡಬಹುದು ಎಂದು ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಆಗ ಕರೆಗಂಟೆ ಹೊಡೆಯಿತು.

ಆಮೇಲಿನ ಕೆಲವು ಕ್ಷಣ ನನಗೆ ನೆನಪಿಲ್ಲ, ಯಾರಿಗೂ ಇಲ್ಲ. ನನಗೆ ಮೈಮೇಲೆ ಎಚ್ಚರ ಬಂದಾಗ ನಾನು ಬಾಗಿಲ ಹತ್ತಿರ ಇದ್ದೆ, ನನ್ನ ಮುಂದೆ ಪ್ಯೋ ಯೊಂಗ್‌ದೋ ಇದ್ದ. ಇಬ್ಬರ ಹಿಂದೆ ಇಡೀ ದೇಶದ ಪ್ರತಿನಿಧಿಗಳು ಒಬ್ಬರನ್ನೊಬ್ಬರು ನೂಕಿಕೊಂಡು ನಿಂತಿದ್ದರು. ಎಣಿಸುವವರೂ ಓಡಿಬಂದಿದ್ದರು. ರಾಷ್ಟ್ರೀಯ ಅಧ್ಯಕ್ಷರು ಮೈಕು ಹಿಡಿದುಕೊಂಡೇ ವೇದಿಕೆಯ ಅರ್ಧ ಮೆಟ್ಟಿಲು ಇಳಿದಿದ್ದರು. ಇಲ್ಲಿ ಲಾರಿಯೂ ಇಲ್ಲ, ಬೆಂಕಿಯೂ ಇಲ್ಲ, ಇದು ಬಾಡಿಗೆಯ ಸಭಾಂಗಣ ಎಂದು ಹೊಳೆಯಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು. ಕೊನೆಯ ಸಾಲಿನಲ್ಲಿ ಅಣ್ಣ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಿದ್ದರು, ಇನ್ನೊಂದು ಕೈ ಕೋಟಿನ ಜೇಬಿನೊಳಗೆ ಫೋನು ಹುಡುಕುತ್ತಿತ್ತು. ಅದು ಸಿಗುತ್ತಿರಲಿಲ್ಲ. ಕೆಲಸಕ್ಕೆ ಹೋಗದೆ ಒಂದು ವರ್ಷದ ಮೇಲಾಗಿದ್ದರೂ ಅವರು ಆ ಸದ್ದನ್ನು ಬದಲಾಯಿಸಿರಲಿಲ್ಲ.

ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಮಾ ಜೊಂಗ್‌ಹೋ ಹಣೆ ಒರೆಸಿಕೊಂಡು, ಎಣಿಕೆ ಕೆಟ್ಟಿದೆ, ಮತ್ತೆ ಮೊದಲಿನಿಂದ ಎಣಿಸಬೇಕು, ಎಲ್ಲರೂ ಕೂತ್ಕೊಳ್ಳಿ ಎಂದರು.

ಅಲ್ಲೇ ಕೆಟ್ಟಿತು. ಬಾಗಿಲವರೆಗೆ ಬಂದವರಲ್ಲಿ ಕೆಲವರು ಸಿಗರೇಟಿಗೆ ಹೋದರು. ಕೆಲವರು ರಾತ್ರಿ ಪಾಳಿಯ ನೆನಪಾಗಿ ರೈಲಿಗೆ ಓಡಿದರು. ವಾಪಸು ಬಂದು ಕುಳಿತವರ ಮೈ ಗಂಟೆಯ ಆವೇಶ ಇಳಿದು ಜೋತುಬಿದ್ದಿತ್ತು. "ಒಪ್ಪಿದವರು ಏಳಿ" ಎಂದಾಗ ನಮ್ಮವರು ಎದ್ದರು. ಮೊದಲ ಸಲ ಪಕ್ಕದವನನ್ನು ನೋಡಿ ಎದ್ದವರು ಈ ಸಲವೂ ಪಕ್ಕದವನನ್ನು ನೋಡಿದರು, ಅವನು ಕೂತೇ ಇದ್ದ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಗಾಢ ನಿದ್ದೆಯಲ್ಲಿದ್ದ. ಕಾಣದ ಊರಿನ ಕಾಣದ ಬೆಂಕಿಗೆ ಆಗಷ್ಟೇ ಎದ್ದು ಓಡಿದ್ದವನು. ಅವನ ಭುಜ ಅಲ್ಲಾಡಿಸಲು ಕೈ ಚಾಚಿದೆ, ನಿಯಮವಲ್ಲ ಎಂದು ಹಿಂದಕ್ಕೆ ತೆಗೆದುಕೊಂಡೆ. ಕೆಲವೇ ಜನರು ಕಡಿಮೆಯಾಗಿ ತಿದ್ದುಪಡಿ ಬಿದ್ದುಹೋಯಿತು. ಯಾರಾದರೂ ದ್ವೇಷದಿಂದ ಸೋಲಿಸಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಹೊರಗೆ ಪ್ಯೋ ಯೊಂಗ್‌ದೋ ಬಂದು ಅಣ್ಣನ ಮುಂದೆ ಸೊಂಟ ಬಗ್ಗಿಸಿ ನಿಂತ. "ಹಿರಿಯರೇ, ನಿಮ್ಮ ಮೇಲೆ ನನಗೇನೂ..."

"ಏಳಪ್ಪಾ, ಏಳು. ಆ ನಿಯಮ ಮಾಡಿದೋನೇ ನಾನು," ಎಂದರು ಅಣ್ಣ. "ನಿನ್ನ ಹುಡುಗರ ಶ್ವಾಸಕೋಶ ನೋಡ್ಕೋ, ಹೋಗು."

ವಾಪಸು ಬರುವಾಗ ಹೆದ್ದಾರಿಯ ಪಕ್ಕದ ತಂಗುದಾಣದಲ್ಲಿ ಕಾರು ನಿಲ್ಲಿಸಿದೆ. ಬಿಸಿಲು ಇಳಿಯುತ್ತಿತ್ತು. ಎರಡು ಬಟ್ಟಲು ಊದೋನ್ ನೂಡಲ್ಸ್ ತಂದೆ. ಅಣ್ಣ ಸಾರು ಮಾತ್ರ ಕುಡಿದರು.

"ಒಂದ್ ಕೇಳ್ತೀನಿ, ನಿಜ ಹೇಳು," ಎಂದರು. "ಗಂಟೆ ಹೊಡೆಯೋಕೆ ಮುಂಚೆ ಸಾಕಷ್ಟು ಜನ ಎದ್ದಿದ್ರಾ?"

"ಗೊತ್ತಿಲ್ಲ ಅಣ್ಣಾ."

"ನೀನು ನೋಡ್ತಾ ಇರ್ಲಿಲ್ವಾ?"

"ನೋಡ್ತಾನೇ ಇದ್ದೆ. ಆಮೇಲೆ ನಾನೂ ಓಡಿದ್ನಲ್ಲ."

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನಾನೇ ಹಾಕಿದ ಬಾಗಿಲು, ನಾನೇ ಹೊಡೆದ ಗಂಟೆ. ಬೇರೆಯವರನ್ನ ಬೈಯೋ ಸುಖಾನೂ ಇಲ್ಲ ನೋಡು."

"ಆ ಸದ್ದನ್ನ ಯಾಕೆ ಇಟ್ಕೊಂಡಿದ್ದೀರಿ ಇನ್ನೂ?"

"ಬೇರೆ ಯಾವ ಸದ್ದಿಗೂ ನನಗೆ ಎಚ್ಚರ ಆಗಲ್ಲ ಕಣೇ. ನಿಮ್ಮತ್ತಿಗೆ ಕಿವೀಲಿ ಕೂಗಿದ್ರೂ ಇಲ್ಲ. ಈ ಮಾತ್ರೆಗಳು ಒಂದೇ ಸಮ ಮಲಗಿಸ್ತವೆ." ಫೋನನ್ನು ನನ್ನ ಕಡೆ ತಳ್ಳಿದರು. "ತೆಗೆದುಬಿಡು. ಯಾವ್ದಾದ್ರೂ ಹಾಡು ಹಾಕು. ಸಾಕು."

ಕಾರಿನಲ್ಲಿ ಕುಳಿತು ಒಂದು ಮೆಲುವಾದ ಪಿಯಾನೊ ಸದ್ದು ಹಾಕಿದೆ. ಅಷ್ಟರಲ್ಲಿ ಅವರು ಸೀಟಿಗೆ ಒರಗಿ ನಿದ್ದೆ ಹೋಗಿದ್ದರು. ಟೋಪಿ ಹಣೆಯ ಮೇಲೆ ಜಾರಿತ್ತು. ನಾನು ಅಳಬೇಕೆಂದಿರಲಿಲ್ಲ, ಆದರೂ ಅತ್ತೆ.

ಪಿಯಾನೊ ನುಡಿಯಿತು. ಅಣ್ಣ ಅಲ್ಲಾಡಲಿಲ್ಲ. ಫೋನನ್ನು ನಾನೇ ಎತ್ತಿದೆ, ಮಾಡಿದವರು ಅತ್ತಿಗೆ.

"ಮಧ್ಯಾಹ್ನ ಫೋನ್ ಮಾಡಿದ್ರೆ ಎತ್ತಲೇ ಇಲ್ಲ. ಏನಾಯ್ತೇ?"

"ಆಗ್ಲಿಲ್ಲ ಅತ್ತಿಗೆ. ಸ್ವಲ್ಪದ್ರಲ್ಲಿ ಹೋಯ್ತು. ಮುಂದಿನ ವರ್ಷ ಮತ್ತೆ ತರ್ತೀನಿ."

"ಸಂಜೆ ಮಾತ್ರೆ ಹೊತ್ತಾಯ್ತು," ಎಂದರು ಅವರು. "ಎಬ್ಬಿಸಿ ಕೊಡು, ತಪ್ಪಿಸ್ಬೇಡ."

"ಅಣ್ಣಾ" ಎಂದು ಕರೆದೆ. ತೋಳು ಹಿಡಿದು ಅಲ್ಲಾಡಿಸಿದೆ. ಜೋರಾಗಿ ಕರೆದೆ, ಪಕ್ಕದ ಕಾರಿನವರು ತಿರುಗಿ ನೋಡುವಷ್ಟು. ಉಸಿರಾಡುತ್ತಿದ್ದರು, ಅಷ್ಟೇ. ಕೊನೆಗೆ ಫೋನಿನಲ್ಲಿ ಹಳೆಯ ಸದ್ದನ್ನೇ ಹುಡುಕಿ ಒತ್ತಿದೆ.

ಗಂಟೆ ಹೊಡೆದದ್ದೇ ತಡ, ಅವರು ನೆಟ್ಟಗೆ ಎದ್ದು ಕುಳಿತರು. ಕೈ ಬಾಗಿಲ ಹಿಡಿಯ ಮೇಲಿತ್ತು, ಕಾಲುಗಳು ಕೆಳಗೆ ಇಲ್ಲದ ಬೂಟನ್ನು ತಡಕುತ್ತಿದ್ದವು.

"ಎಲ್ಲಿ? ಎಲ್ಲಿ ಬೆಂಕಿ?" ಎಂದರು.

"ಎಲ್ಲೂ ಇಲ್ಲ ಅಣ್ಣಾ" ಎಂದು ಮಾತ್ರೆಯನ್ನು ಅಂಗೈಗೆ ಹಾಕಿ, ಫ್ಲಾಸ್ಕಿನ ಮುಚ್ಚಳ ತೆಗೆದು ಕೊಟ್ಟೆ. ನುಂಗಿದರು. ಫೋನನ್ನು ಜೇಬಿನಲ್ಲಿಟ್ಟುಕೊಂಡು, ಆ ಸದ್ದು ಹಾಗೇ ಇರಲಿ ಬಿಡು ಎಂದರು.