ಗಂಟಲಿದ್ದು ಕಿವಿಯಿಲ್ಲದ ಯಂತ್ರ

ಊರಿನ ಆಂಬುಲೆನ್ಸ್‌ಗಳ ಮಾತೆಲ್ಲ ನೀರಿನ ಟ್ಯಾಂಕಿನ ನೆತ್ತಿಯ ಮೇಲಿದ್ದ ರಿಪೀಟರ್ ಮೂಲಕ ಹೋಗಬೇಕು. ಗಾಡಿಯಿಂದ ಬಂದ ಸಣ್ಣ ದನಿಯನ್ನು ಕೇಳಿಸಿಕೊಂಡು, ಅದೇ ಕ್ಷಣ ದೊಡ್ಡ ದನಿಯಲ್ಲಿ ಎಲ್ಲರಿಗೂ ಸಾರುವ ಯಂತ್ರ ಅದು. ಅದರ ಉಸ್ತುವಾರಿ ರೇಡಿಯೋ ಮೆಕ್ಯಾನಿಕ್ಕನದು. ಅವನ ಅಕ್ಕನ ಗಂಡ ಆಂಬುಲೆನ್ಸ್ ಡ್ರೈವರು.

ಆ ಭಾವನನ್ನು ಈಗ ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ಮನೆಗೆ ಕಳಿಸಿದ್ದರು. ಕಲ್ಲುಕ್ವಾರಿಯ ಹಿಂದಿನ ತಗ್ಗಿನಲ್ಲಿ ಗಾಡಿ ಕೆಟ್ಟು ನಿಂತು, ಒಳಗಿದ್ದ ಬಸುರಿ ಹೆಂಗಸು ಸತ್ತಿದ್ದಳು. ಅಲ್ಲಿ ಮೊಬೈಲೂ ಸಿಗುವುದಿಲ್ಲ. ಬೇರೆ ಗಾಡಿ ಕಳಿಸಿ ಎಂದು ರೇಡಿಯೋದಲ್ಲಿ ಗಂಟಲು ಹರಿಯುವಂತೆ ಕೂಗಿದೆ ಎಂದ ಭಾವ. ಕಂಟ್ರೋಲ್ ರೂಮಿನಲ್ಲಿ ಕೇಳಿಸಿದ್ದು ಬರೀ 'ಟಕ್' ಎಂಬ ಸದ್ದು. ಕೂಗಲೇ ಇಲ್ಲ, ಮಲಗಿಬಿಟ್ಟಿದ್ದಾನೆ ಎಂದು ಎಲ್ಲರೂ ಆಡಿಕೊಂಡರು.

"ಮೇಲೆ ಹೋಗಿ ಒಂದ್ಸಲ ನೋಡಿ ಬಂದ್ಬಿಡಪ್ಪ," ಎಂದ ಕಂಟ್ರೋಲ್ ರೂಮಿನ ಮೇಲ್ವಿಚಾರಕ. "ಯಂತ್ರ ಸರಿ ಇದೆ ಅಂತ ನೀನಂದ್ರೆ ವಿಚಾರಣೆ ಮುಗೀತು."

ಹೊರಡುವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಭಾವ ಸಿಟ್ಟು ಬಂದ್ರೆ ತಟ್ಟೆ ಎಸೀತಾರೆ. ಸುಳ್ಳು ಹೇಳಲ್ಲ."

"ನನ್ನ ಯಂತ್ರಾನೂ ಸುಳ್ಳು ಹೇಳಲ್ಲ ಅಕ್ಕ. ದಾರಿ ಬಿಡು."

ಟ್ಯಾಂಕಿನ ಮೇಲಿನ ಗೂಡು ಬಿಸಿಯಾದ ಎಣ್ಣೆ ಮತ್ತು ಪಾರಿವಾಳದ ಹಿಕ್ಕೆ ನಾರುತ್ತಿತ್ತು. ಮೂಲೆಯಲ್ಲಿ ಡುಪ್ಲೆಕ್ಸರ್. ಸೊಂಟದೆತ್ತರದ ಲೋಹದ ಡಬ್ಬಿಗಳ ಸಾಲು, ಪ್ರತಿಯೊಂದರ ತಲೆಯ ಮೇಲೂ ಏರಿಳಿಸುವ ಒಂದು ಕಡ್ಡಿ. ಆಡುವುದಕ್ಕೂ ಕೇಳುವುದಕ್ಕೂ ಇರುವುದು ಒಂದೇ ಆಂಟೆನಾ. ಯಂತ್ರದ ಬೊಬ್ಬೆ ಅದರ ಕಿವಿಗೇ ನುಗ್ಗದಂತೆ ತಡೆಯುವುದು ಈ ಡಬ್ಬಿಗಳ ಕೆಲಸ. ಹಿಂದಿನ ಬೇಸಿಗೆಯಲ್ಲಿ ಅವನ್ನು ಶ್ರುತಿ ಮಾಡಿದವನು ಅವನೇ. ಅಂದು ಪವರ್ ಮೀಟರಿನ ಮುಳ್ಳು ಏರಿದಷ್ಟೂ ಅವನ ಎದೆ ಉಬ್ಬಿತ್ತು. ದನಿ ತಾಲ್ಲೂಕಿನ ಗಡಿಯಾಚೆಗೂ ಹೋಗುತ್ತದೆ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದ. "ನನ್ನ ದನಿ ಬರ್ತಾ ಇಲ್ಲ, ನಿನ್ನ ಯಂತ್ರ ಕಿವುಡಾಗಿದೆಯೋ," ಎಂದು ಭಾವ ಎಷ್ಟು ಸಲ ಹೇಳಿದರೂ, "ನೀವು ಕೂಗೋ ಕೂಗಿಗೆ ರೇಡಿಯೋನೇ ಬೇಡ ಬಿಡಿ," ಎಂದು ನಕ್ಕಿದ್ದ.

ತಗ್ಗಿನಿಂದ ಬರುವಷ್ಟೇ ಕ್ಷೀಣವಾದ ಪರೀಕ್ಷೆಯ ಸದ್ದನ್ನು ಯಂತ್ರಕ್ಕೆ ಕೊಟ್ಟು ನೋಡಿದ. ಚೆನ್ನಾಗಿಯೇ ಕೇಳಿಸಿತು. ದನಿ ಸಾರುವ ಟ್ರಾನ್ಸ್‌ಮಿಟರ್ ಹಚ್ಚಿದ. ಟಕ್ ಎಂದಿತು, ಸದ್ದೆಲ್ಲ ಗೊರಗೊರದಲ್ಲಿ ಮುಳುಗಿಹೋಯಿತು. ಆರಿಸಿದ, ಮತ್ತೆ ಹಚ್ಚಿದ. ಕಂಟ್ರೋಲ್ ರೂಮಿನಲ್ಲಿ ಕೇಳಿಸಿದ್ದ ಅದೇ ಟಕ್.

ಅವನು ನೆಲದ ಮೇಲೆ ಕುಕ್ಕರಿಸಿದ. ಶ್ರುತಿ ಮಾಡಿದಂದು ಯಂತ್ರ ಎಷ್ಟು ಜೋರಾಗಿ ಆಡುತ್ತದೆ ಎಂದಷ್ಟೇ ನೋಡಿದ್ದ. ಎಷ್ಟು ಕೇಳುತ್ತದೆ ಎಂದು ನೋಡಿರಲಿಲ್ಲ.

ಕೆಲಸಕ್ಕೆ ಕೈ ಹಚ್ಚಿದ. ಕಡ್ಡಿಯನ್ನು ಕೂದಲೆಳೆಯಷ್ಟು ಒತ್ತಬೇಕು, ನಟ್ಟು ಬಿಗಿಯುವಾಗ ಅದು ಮತ್ತೆ ಜರುಗುತ್ತದೆ, ಮತ್ತೆ ಸಡಿಲಿಸಬೇಕು. ಬೆವರಿಗೆ ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಸುಲಿಯಿತು. ಕೊನೆಗೆ ಗೊರಗೊರ ಅಡಗಿ, ಆ ಸಣ್ಣ ಸದ್ದು ಸ್ವಚ್ಛವಾಗಿ ನಿಂತಿತು. ಮುಳ್ಳು ಮಾತ್ರ ಸ್ವಲ್ಪ ಇಳಿದಿತ್ತು.

ಇಳಿದು ಹೋಗಿ, ಸರಿ ಇದೆ ಎಂದುಬಿಡಬಹುದಿತ್ತು. ಈಗ ಅದು ನಿಜವೂ ಆಗಿತ್ತು. ಮೊಬೈಲ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದು, ಭಾವನಿಗೆ ಫೋನ್ ಮಾಡಿದ.

"ನನ್ನ ಅಂಗಡಿಯಿಂದ ಒಂದು ರೇಡಿಯೋ ಹ್ಯಾಂಡ್‌ಸೆಟ್ ತಗೊಂಡು ಆ ತಗ್ಗಿಗೆ ಹೋಗಿ ಮಾತಾಡ್ತೀರಾ ಭಾವ?"

"ಯಾಕೆ, ಇನ್ನೊಂದ್ಸಲ ನಗೋಕಾ?"

ಬೈದುಕೊಂಡೇ ಹೋದ ಭಾವ. ಸಂಜೆಯ ಹೊತ್ತಿಗೆ ಗೂಡಿನ ಸ್ಪೀಕರಿನಲ್ಲಿ ಅವನ ದನಿ ಬಂತು. ಕೂಗಿರಲಿಲ್ಲ, ಮೆಲ್ಲಗೆ ಆಡಿದ್ದ.

"ಕೇಳಿಸ್ತಿದೆಯೇನೋ?"

"ಕೇಳಿಸ್ತಿದೆ ಭಾವ."



"ಹಾಗಾದ್ರೆ ಅವತ್ತು?"

ಕಂಟ್ರೋಲ್ ರೂಮು, ಆಸ್ಪತ್ರೆ, ರಸ್ತೆಯ ಮೇಲಿದ್ದ ಗಾಡಿಗಳು ಎಲ್ಲ ಕೇಳುತ್ತಿವೆ ಎಂದು ಅವನಿಗೆ ಗೊತ್ತಿತ್ತು. ಮೈಕಿನ ಗುಂಡಿ ಒತ್ತಿದ.

"ಅವತ್ತು ನೀವು ಕೂಗಿದ್ರಿ. ನನ್ನ ಯಂತ್ರ ಕೇಳಿಸ್ಕೊಳ್ಳಲಿಲ್ಲ. ಶ್ರುತಿ ಕೆಡಿಸಿದ್ದು ನಾನು."

ಮೇಲ್ವಿಚಾರಕ ನಡುವೆ ಬಾಯಿ ಹಾಕಿದ: "ಏ, ಇದೆಲ್ಲ ರೇಡಿಯೋದಲ್ಲಿ ಆಡೋ ಮಾತೇನಪ್ಪ?"

ತಗ್ಗಿನಲ್ಲಿ ಭಾವ ಗುಂಡಿ ಒತ್ತಿ ಹಿಡಿದ. ದೊಡ್ಡ ಗಂಟಲಿನ ಆ ಮನುಷ್ಯ ಮೂಗೆಳೆದು ಅಳುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿ, ಒಂದು ಚೂರೂ ಗೊರಗೊರವಿಲ್ಲದೆ, ಊರಿನ ಎಲ್ಲ ಗಾಡಿಗಳಲ್ಲೂ ಕೇಳಿಸಿತು.