ಮೂರು ತೂತಿನ ಆಪರೇಷನ್

ಈಜುಕೊಳದ ಟೀಚರಿಗೆ ನೆಗಡಿಯೂ ಅಪರೂಪದ ನೆಂಟ. ಸಿಗರೇಟಿನ ಹೊಗೆ ಕಂಡರೆ ಮಾರು ದೂರ. ಒದ್ದೆ ನೆಲದಲ್ಲಿ ಜಾರಿ ಭುಜ ನೋಯಿಸಿಕೊಂಡಳೆಂದು ಎಕ್ಸ್‌ರೇ ತೆಗೆಸಿದರೆ, ಮೂಳೆ ಕಲ್ಲಿನ ಹಾಗಿತ್ತು. ಅದರ ಕೆಳಗೆ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ, ಕಡಲೆಕಾಳಿನಷ್ಟು ಬಿಳಿ ಚುಕ್ಕೆ ಕೂತಿತ್ತು. ಸ್ಕ್ಯಾನು, ಸೂಜಿ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ.

"ಕ್ಯಾನ್ಸರೇ. ಆದ್ರೆ ಈಗಷ್ಟೇ ಕಣ್ಣು ಬಿಟ್ಟಿದೆ. ಎದೆ ದೊಡ್ಡದಾಗಿ ಕೊಯ್ಯೋದು ಬೇಡ. ಪಕ್ಕೆಲುಬಿನ ನಡುವೆ ಮೂರು ಸಣ್ಣ ತೂತು. ಒಂದ್ರಲ್ಲಿ ಕ್ಯಾಮೆರಾ, ಉಳಿದದ್ರಲ್ಲಿ ಉಪಕರಣ. ಶ್ವಾಸಕೋಶದ ಆ ಮೇಲಿನ ಭಾಗ ತೆಗೆದುಬಿಡ್ತೀವಿ."

"ಆಮೇಲೆ ಈಜಬಹುದಾ?"

ಪಕ್ಕದಲ್ಲಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ಬದುಕ್ತೀನಾ ಅಂತ ಕೇಳೇ ಮೊದ್ಲು!"

ಆಪರೇಷನ್ ದಿನ ಅರಿವಳಿಕೆ ಏರುತ್ತಿದ್ದಂತೆ ಮೇಜು ಮೆತ್ತಗಾಯಿತು, ದೀಪಗಳು ಅಲೆಅಲೆಯಾದವು. ಅವಳು ಕೊಳದ ತಳದಲ್ಲಿ ಅಂಗಾತ ಮಲಗಿದ್ದಳು. ತಲೆಯ ಮೇಲೆ ಮಕ್ಕಳ ಪಾದಗಳು ಮರಿಮೀನುಗಳ ಹಾಗೆ ಸುಳಿದಾಡುತ್ತಿದ್ದವು. ಉಸಿರಾಡುವ ಅವಸರವೇ ಇರಲಿಲ್ಲ. ಯಾರೋ ಅವಳೊಳಗೆ ಪುಟ್ಟ ದೀಪ ಹಿಡಿದು, ಮಲಗಿದ ಮಗು ಎದ್ದೀತೆಂಬಂತೆ, ಕೋಣೆಯಿಂದ ಕೋಣೆಗೆ ಮೆಲ್ಲಗೆ ನಡೆಯುತ್ತಿದ್ದರು.

ಎಚ್ಚರವಾದಾಗ ಪಕ್ಕೆಯಿಂದ ಒಂದು ಕೊಳವೆ ಇಳಿದು ಮಂಚದ ಕೆಳಗಿನ ನೀರಿನ ಡಬ್ಬಿ ಸೇರಿತ್ತು. ಗುಳ್ಳೆಗಳು ಒಂದೊಂದಾಗಿ ಏಳುವುದನ್ನೇ ನೋಡುತ್ತ ಮತ್ತೆ ತೂಕಡಿಸಿದಳು.

ಮರುದಿನ ನರ್ಸು ಉಸಿರೆಳೆಯುವ ಆಟಿಕೆಯಂಥದ್ದು ಕೊಟ್ಟಳು: ಎಳೆದರೆ ಚೆಂಡು ಮೇಲೇರಬೇಕು. ನೀರಡಿಯಲ್ಲೇ ಕೊಳ ದಾಟುತ್ತಿದ್ದವಳಿಗೆ ಚೆಂಡು ಮಿಸುಕಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

"ತಾ ಇಲ್ಲಿ," ಎಂದು ಅಕ್ಕ ಕಸಿದುಕೊಂಡು ಕೆನ್ನೆ ಉಬ್ಬಿಸಿ ಊದತೊಡಗಿದಳು.

"ಊದೋದಲ್ಲ ಅಕ್ಕಾ, ಎಳೀಬೇಕು!"

"ಎರಡೂ ಗಾಳಿನೇ ಅಲ್ವೇನೇ?"

ನಗು ಉಕ್ಕಿ ಹೊಲಿಗೆ ಚುರ್ರೆಂದಿತು. ನರ್ಸು ಅಕ್ಕನನ್ನು ಬೈದು ಆಟಿಕೆಗೆ ಬಾಯಿಗಿಡುವ ಬೇರೆ ನಳಿಕೆ ಸಿಕ್ಕಿಸಿಕೊಟ್ಟಳು. "ನೋಡು, ಹೀಗೆ," ಎಂದು ಕಲಿಸುವ ಭರದಲ್ಲಿ ಟೀಚರು ನೋವು ಮರೆತು ಎಳೆದಳು. ಚೆಂಡು ತೇಲಿ ನಿಂತಿತು.

ತೆಗೆದ ಭಾಗದ ವರದಿ ಬಂತು. ಕಾಯಿಲೆ ಎಲ್ಲೂ ಹರಡಿರಲಿಲ್ಲ. ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು ಮನಸಾರೆ ಅತ್ತಳು.

ಗಾಯ ಮಾಗಿ ಡಾಕ್ಟರಮ್ಮ ಒಪ್ಪಿದ ಮೇಲೆ, ಒಂದು ಬೆಳಿಗ್ಗೆ ಇಬ್ಬರೂ ಕೊಳಕ್ಕೆ ಹೋದರು. ನೀರೆಂದರೆ ಹೆದರಿ ಸಾಯುವ ಅಕ್ಕ, ತಂಗಿ ಒಬ್ಬಳೇ ಇಳಿಯಬಾರದೆಂದು ಉಟ್ಟ ಬಟ್ಟೆಯಲ್ಲೇ ಎದೆಮಟ್ಟ ಇಳಿದು ಅವಳ ತೋಳು ಬಿಗಿಯಾಗಿ ಹಿಡಿದಳು.

"ನಾನು ನಿನ್ನ ಹಿಡ್ಕೊಂಡಿದೀನೋ, ನೀನು ನನ್ನನ್ನೋ?"

"ಗೊತ್ತಿಲ್ಲಕ್ಕಾ. ಬಿಡಬೇಡ."

ಟೀಚರಿಗೆ ಅರ್ಧ ಕೊಳವೂ ಈಜಲಾಗಲಿಲ್ಲ. ಉಸಿರು ಬೇಗ ಮುಗಿಯುತ್ತಿತ್ತು, ನಿಧಾನಕ್ಕೆ ಮತ್ತೆ ಬರುತ್ತಿತ್ತು. ಅವಳು ಕಾದಳು. ಕಿವಿ ಮುಳುಗಿಸಿ, ಚಾವಣಿಯ ಮೇಲೆ ಆಡುವ ಬೆಳಕು ನೋಡುತ್ತ, ಸುಮ್ಮನೆ ತೇಲಿದಳು.